ಆಂಪ್ಲಿಫೈಯರ್ ಆರಿಸಲು ಕಿವಿಯೋ, ಅಳತೆಯೋ?

ಪ್ರಶ್ನೆ: ಶಿವಮೊಗ್ಗದ ಅಂಗಡಿಯೊಂದರಲ್ಲಿ ಎರಡು ಆಂಪ್ಲಿಫೈಯರ್ ಕೇಳಿದೆ. ಡಿಸ್ಟಾರ್ಷನ್ (ಮೂಲ ದನಿ ಕೆಡುವ ಪ್ರಮಾಣ) ಒಂದರಲ್ಲಿ ಶೇ. 0.08, ಇನ್ನೊಂದರಲ್ಲಿ 0.003. ಕಿವಿಗೆ ಹಿಡಿಸಿದ್ದು ಮೊದಲನೆಯದು. ಯಾವುದನ್ನು ನಂಬಲಿ? (ಸಾಗರದ ಓದುಗರು)

ಉತ್ತರ: ಎರಡರ ದನಿಮಟ್ಟವೂ ಸಮ ಇತ್ತೇ? ಇರದಿದ್ದರೆ ಆ ಹೋಲಿಕೆಯನ್ನು ಬಿಟ್ಟುಬಿಡಿ. ಅರ್ಧ ಡೆಸಿಬೆಲ್ ಹೆಚ್ಚಿದ್ದರೂ ನಮಗದು ಜೋರು ಅನ್ನಿಸುವುದಿಲ್ಲ, ‘ಸ್ಪಷ್ಟವಾಗಿದೆ, ತುಂಬಿಕೊಂಡಿದೆ’ ಅನ್ನಿಸುತ್ತದೆ. ನೀವು ಹೇಳಿದ ಎರಡೂ ಅಂಕಿಗಳಾದರೋ ಹಾಡು ಕೇಳುವಾಗ ಸಾಮಾನ್ಯವಾಗಿ ಕಿವಿಗೆ ನಿಲುಕದಷ್ಟು ಸಣ್ಣವು.

ಸಮ ಮಾಡುವುದು ಹೀಗೆ. ಬಾಸ್, ಟ್ರೆಬಲ್ ನಡುವಿಗಿಟ್ಟು ಲೌಡ್‌ನೆಸ್ ಬಟನ್ ಆಫ್ ಮಾಡಿ. ಫೋನಿನಿಂದ 100 ಹರ್ಟ್ಸ್ ಟೋನ್ ನುಡಿಸಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಚ್ಚಿ ಎಸಿ ವೋಲ್ಟೇಜ್ ನೋಡಿ. ಒಂದರಲ್ಲಿ 1.00 ವೋಲ್ಟ್ ಇದ್ದರೆ ಇನ್ನೊಂದು 0.99 ಮತ್ತು 1.01ರ ನಡುವೆ ಬರಲಿ; ಆಗ ವ್ಯತ್ಯಾಸ 0.1 ಡೆಸಿಬೆಲ್ ಒಳಗೇ ಉಳಿಯುತ್ತದೆ. ಎಸಿಯಲ್ಲಿ 200 ವೋಲ್ಟ್ ರೇಂಜಿನಿಂದಲೇ ಶುರುವಾಗುವ ಅಗ್ಗದ ಮೀಟರ್ ಇದಕ್ಕೆ ಆಗದು, 2 ಅಥವಾ 20 ವೋಲ್ಟಿನ ರೇಂಜ್ ಬೇಕು. ತಂತಿ ಕೈಯಲ್ಲಿ ಬದಲಿಸುವುದಾದರೆ ಆಂಪ್ಲಿಫೈಯರ್ ಆಫ್ ಮಾಡಿಯೇ ಬದಲಿಸಿ. ತುದಿಗಳು ಒಂದಕ್ಕೊಂದು ತಾಗಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು. ಅಂಗಡಿಯಲ್ಲಿ ಸೆಲೆಕ್ಟರ್ ಸ್ವಿಚ್ ಇದ್ದರೆ ಕೆಲಸ ಸಲೀಸು.

ಆಮೇಲೆ ಜೊತೆಗಿರುವವರು ನಾಣ್ಯ ಚಿಮ್ಮಿ, ನಿಮಗೆ ಕಾಣದಂತೆ ಒಂದನ್ನು ಆರಿಸಿ, ಅದೇ ಹಾಡಿನ ಅದೇ 20 ಸೆಕೆಂಡನ್ನು ನುಡಿಸಲಿ. ಚೆಂಡೆ, ಮದ್ದಳೆ ಇರುವ ತುಣುಕಾದರೆ ಒಳ್ಳೆಯದು. 16 ಸಲದಲ್ಲಿ 12 ಸಲವಾದರೂ ಸರಿಯಾಗಿ ಗುರುತಿಸಿದರೆ ನಿಮ್ಮ ಕಿವಿ ಹೇಳಿದ್ದು ದಿಟವೆಂದು ಒಪ್ಪಬಹುದು; ಬರೀ ಅದೃಷ್ಟದಿಂದ ಅಷ್ಟು ಬರುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಅಷ್ಟು ಬರದಿದ್ದರೆ ಬೆಲೆ, ವ್ಯಾಟ್, ಹತ್ತಿರದಲ್ಲಿ ರಿಪೇರಿ ಸಿಗುತ್ತದೆಯೇ ಎಂಬುದನ್ನು ನೋಡಿ ಕೊಳ್ಳಿ. ಉಳಿದ ದುಡ್ಡು ಸ್ಪೀಕರಿಗೆ ಹಾಕಿ.

ಸ್ಪೀಕರ್ ವಿಷಯದಲ್ಲಿ ಅಳತೆಗೆ ನಿಜಕ್ಕೂ ತೂಕವಿದೆ. ಧ್ವನಿ ಸಂಶೋಧಕ ಶಾನ್ ಆಲಿವ್ 2004ರಲ್ಲಿ 70 ಸ್ಪೀಕರ್‌ಗಳ ಅಳತೆಯಿಂದ ಕೇಳುಗರ ಮೆಚ್ಚುಗೆಯನ್ನು ಅಂದಾಜಿಸಿದರು. ಯಾವ ಸ್ಪೀಕರ್ ಎಂದು ತಿಳಿಯದೆ ಕೇಳಿದವರು ಕೊಟ್ಟ ಅಂಕಕ್ಕೂ ಆ ಅಂದಾಜಿಗೂ 0.86ರಷ್ಟು ಸಂಬಂಧ ಕಂಡಿತು (1 ಎಂದರೆ ಪೂರ್ತಿ ಹೊಂದಿಕೆ). ಬಾಸ್‌ನಿಂದ ಟ್ರೆಬಲ್‌ವರೆಗೆ ದನಿಮಟ್ಟ ತೋರಿಸುವ ಗ್ರಾಫಿನಲ್ಲಿ ಸ್ಪೀಕರಿನ ನೇರ ಎದುರಿನದೊಂದನ್ನೇ ನೋಡಬೇಡಿ, ಪಕ್ಕಕ್ಕೆ ಹೋಗುವ ದನಿಯ ಗ್ರಾಫೂ ಟ್ರೆಬಲ್ ಕಡೆಗೆ ತಗ್ಗುದಿಬ್ಬಗಳಿಲ್ಲದೆ ನಯವಾಗಿ ಇಳಿಯಬೇಕು.

ಆದರೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ ನಿಮ್ಮ ಕೋಣೆಯದೇ ಮೇಲುಗೈ. 16 ಅಡಿ ಉದ್ದದ ಜಗಲಿಯಲ್ಲಿ 35 ಮತ್ತು 70 ಹರ್ಟ್ಸ್ ಆಸುಪಾಸಿನ ದನಿ ಗೋಡೆಗಳ ಬಳಿ ಉಬ್ಬುತ್ತದೆ, ನಟ್ಟನಡುವೆ 35 ಕ್ಷೀಣಿಸುತ್ತದೆ. ಕಾವಿ ನೆಲವಾದರೆ ಟ್ರೆಬಲ್ಲೂ ಚುರುಕಾಗಿ ಪ್ರತಿಫಲಿಸುತ್ತದೆ, ಎದುರಿಗೊಂದು ದಪ್ಪ ಜಮಖಾನ ಹಾಸಿ. ಹಾಗಾಗಿ ಸ್ಪೀಕರನ್ನು ಮನೆಗೆ ತಂದು ಕೇಳಲು ಬಿಡುತ್ತಾರೆಯೇ ಎಂದು ಅಂಗಡಿಯವರನ್ನು ವಿಚಾರಿಸಿ. ಆಷಾಢದ ಮಳೆ ತಗಡಿನ ಮೇಲೆ ಬಡಿಯುತ್ತಿರುವಾಗ ಮಾತ್ರ ಪರೀಕ್ಷೆಗೆ ಕೂರಬೇಡಿ, ತಂಬೂರಿಯಂಥ ಮೆಲುದನಿ ಆ ಸದ್ದಿನಲ್ಲಿ ಮುಚ್ಚಿಹೋಗುತ್ತದೆ.