ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರು: ಪಿಎಂ ಕಿಸಾನ್ ಹಣ ನನಗೆ ಬರುತ್ತದಾ?

ಪ್ರಶ್ನೆ: ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಎರಡೂವರೆ ಎಕರೆ ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಬೇಸಾಯ ಮಾಡುವವನು ನಾನು. ವರ್ಷಕ್ಕೆ 6,000 ರೂಪಾಯಿ ನನಗೆ ಸಿಗುತ್ತದಾ?

ಉತ್ತರ: ಈಗಿರುವ ಹಾಗೆ ಸಿಗುವುದಿಲ್ಲ. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮಾಡಿಸಿಕೊಳ್ಳಿ.

ಉಳುವವರು ಯಾರು ಅಂತ ಈ ಯೋಜನೆ ಕೇಳುವುದೇ ಇಲ್ಲ. ಪಹಣಿಯಲ್ಲಿ ಹೆಸರು ಯಾರದ್ದು ಅಂತ ಮಾತ್ರ ನೋಡುತ್ತದೆ. ‘ಉಳುವವನೇ ಹೊಲದೊಡೆಯ’ ಅಂತ ದೇವರಾಜ ಅರಸರ ಕಾಲದಲ್ಲಿ ಕೂಗಿದ ರಾಜ್ಯ ನಮ್ಮದು. ಆದರೂ 2019ರಲ್ಲಿ ಬಂದ ಈ ಕೇಂದ್ರ ಯೋಜನೆಯಲ್ಲಿ ಗುತ್ತಿಗೆಗೆ, ಕೋರಿಗೆ ಮಾಡುವವರಿಗೆ ಜಾಗ ಇಲ್ಲ. ಅತಿ ಬಡವರು ಅವರೇ ಅಲ್ವಾ? ಎರಡು ಹೆಕ್ಟೇರ್ ಮಿತಿಯನ್ನು ಅದೇ ವರ್ಷ ತೆಗೆದುಹಾಕಿದ್ದರಿಂದ ಇಪ್ಪತ್ತು ಎಕರೆ ಇದ್ದವರಿಗೂ ಹಣ ಬರುತ್ತದೆ. ಒಂದು ಗುಂಟೆಯೂ ಹೆಸರಿನಲ್ಲಿ ಇಲ್ಲದವರಿಗೆ ಬರುವುದಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. 2019ರ ಫೆಬ್ರವರಿ 1ರೊಳಗೆ ಜಮೀನು ಹೆಸರಿಗೆ ಬಂದಿರಬೇಕು ಅನ್ನುವುದು ನಿಯಮ. ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಅದಕ್ಕೇ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ ಅಂದಿದ್ದು.

ಎಷ್ಟೋ ಮನೆಗಳಲ್ಲಿ ಕೆಲಸ ನಿಂತಿರುವುದು ಒಂದು ತಪ್ಪು ತಿಳಿವಳಿಕೆಯಿಂದ. ‘ಅಣ್ಣತಮ್ಮಂದಿರ ಪಾಲು ಇನ್ನೂ ಆಗಿಲ್ಲ, ಆಮೇಲೆ ಖಾತೆ ಮಾಡಿಸೋಣ’ ಅನ್ನುತ್ತಾರೆ. ಪಾಲು ಆಗುವವರೆಗೆ ಕಾಯಬೇಕಿಲ್ಲ. ಪೌತಿ ಖಾತೆಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರುತ್ತದೆ. ಅಮ್ಮ, ಅಣ್ಣ, ತಮ್ಮ, ಮದುವೆಯಾಗಿ ಹೋದ ಅಕ್ಕತಂಗಿಯರು, ಎಲ್ಲರದ್ದೂ. ಜಂಟಿ ಪಹಣಿಯಲ್ಲಿ ಹೆಸರಿರುವ ಪ್ರತಿ ಕುಟುಂಬಕ್ಕೂ ಬೇರೆ ಬೇರೆ 6,000 ಬರಬಹುದು. ಇಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಹದಿನೆಂಟು ತುಂಬದ ಮಕ್ಕಳು, ಅಷ್ಟೇ. ಹಾಗಾಗಿ ಅಕ್ಕನ ಹೆಸರು ಸೇರಿದರೆ ನಿಮ್ಮ ಕಂತಿನಲ್ಲಿ ಒಂದು ರೂಪಾಯಿಯೂ ಕಮ್ಮಿ ಆಗುವುದಿಲ್ಲ. ಭಾವನಿಗೆ ಈಗಾಗಲೇ ಬರುತ್ತಿದ್ದರೆ ಅಕ್ಕನಿಗೆ ಬೇರೆಯಾಗಿ ಸಿಗುವುದಿಲ್ಲ, ಅದು ಬೇರೆ ಮಾತು.

ಮರಣ ಪತ್ರ, ವಂಶವೃಕ್ಷ ಹಿಡಿದುಕೊಂಡು ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ. ಒಂದೇ ಓಡಾಟಕ್ಕೆ ಮುಗಿಯುವ ಕೆಲಸ ಇದಲ್ಲ, ಸ್ವಲ್ಪ ತಾಳ್ಮೆ ಬೇಕು. ಪಹಣಿ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಮಾಡಿಸಿ, ಪಿಎಂ ಕಿಸಾನ್‌ಗೆ ಹೊಸದಾಗಿ ನೋಂದಾಯಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇ-ಕೆವೈಸಿ (ಆನ್‌ಲೈನ್ ಗುರುತು ದೃಢೀಕರಣ) ಮುಗಿದಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ 2,000 ರೂಪಾಯಿಯ ಕಂತು ಅಲ್ಲೇ ನಿಲ್ಲುತ್ತದೆ.

ಮನೆಯಲ್ಲಿ ಯಾರಾದರೂ ಆದಾಯ ತೆರಿಗೆ ಕಟ್ಟುವವರೋ ಗ್ರೂಪ್ ಡಿಗಿಂತ ಮೇಲಿನ ಸರ್ಕಾರಿ ನೌಕರರೋ ಇದ್ದರೆ ಸುಮ್ನೆ ಓಡಾಡಬೇಡಿ, ಆ ಕುಟುಂಬಕ್ಕೆ ಹಣ ಸಿಗುವುದಿಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್ಪನ ಖಾತೆಗೆ ಈಗಲೂ ಕಂತು ಬೀಳುತ್ತಿದ್ದರೆ ಅವರ ಎಟಿಎಂ ಕಾರ್ಡಿನಿಂದ ತೆಗೆಯಬೇಡಿ. ಅರ್ಹರಲ್ಲದವರಿಗೆ ಹೋದ ಹಣವನ್ನು ಸರ್ಕಾರ ವಾಪಸ್ ಕೇಳುತ್ತದೆ. ಮರಣ ಪತ್ರದ ಒಂದು ಪ್ರತಿ ಕೊಟ್ಟು ಕೃಷಿ ಇಲಾಖೆಗೆ ಮೊದಲೇ ತಿಳಿಸಿಬಿಡಿ.