ಅಮೃತಮತಿಯ ಕಥೆಯನ್ನು ಹೇಳುವವರು ಯಾರು? ವಿಮರ್ಶಾ ವಿಧಾನಗಳ ಕುರಿತು ಒಂದು ಅಧ್ಯಯನ ಟಿಪ್ಪಣಿ

ವಿಮರ್ಶೆಯ ಒಂದೊಂದು ವಿಧಾನವೂ ಕೃತಿಗೆ ನಾವು ಕೇಳುವ ಒಂದು ಬಗೆಯ ಪ್ರಶ್ನೆ. ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದು ಕೃತಿಯಿಂದ ಕೃತಿಗೆ ಬದಲಾಗುತ್ತದೆ. ಇಲ್ಲಿ ಉದಾಹರಣೆಗೆ ಜೈನ ಕವಿ ಜನ್ನನ 'ಯಶೋಧರ ಚರಿತೆ'ಯನ್ನು (1209) ಆರಿಸಿಕೊಂಡಿದ್ದೇನೆ. ಅವನ ಆಶ್ರಯದಾತ, ಹೊಯ್ಸಳ ದೊರೆ ವೀರಬಲ್ಲಾಳನ ರಾಜಧಾನಿ ದೋರಸಮುದ್ರವೇ ಇಂದಿನ ಹಳೇಬೀಡು; ಹಾಸನದ ವಿದ್ಯಾರ್ಥಿಗಳಾದ ನಮಗೆ ಈ ಕಾವ್ಯ ಹುಟ್ಟಿದ ಪರಿಸರ ಕಣ್ಣಳತೆಯಲ್ಲೇ ಇದೆ.

ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಮನಸೋತು, ಹಾಡಿದ ಕುರೂಪಿ ಮಾವುತನನ್ನು ಒಲಿಯುತ್ತಾಳೆ. ಇದನ್ನು ಕಂಡ ಅವಳ ಗಂಡ, ರಾಜ ಯಶೋಧರ ಕತ್ತಿಯೆತ್ತಿ ತಡೆದುಕೊಳ್ಳುತ್ತಾನೆ, ತಾಯಿಗೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ, ಅವಳ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಾಣಿ ಆ ತಾಯಿಗೂ ಮಗನಿಗೂ ವಿಷವಿಕ್ಕುತ್ತಾಳೆ. ಅವರು ಹಲವು ಪ್ರಾಣಿಜನ್ಮಗಳನ್ನು ದಾಟಿ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತಾರೆ.

ರೂಪನಿಷ್ಠ ವಿಮರ್ಶೆಯನ್ನು, ಎಂದರೆ ಕೃತಿಯ ರಚನೆಯನ್ನೇ ನೋಡುವ ವಿಧಾನವನ್ನು, ಛಂದಸ್ಸು, ಅಲಂಕಾರಗಳ ಪಟ್ಟಿಗೆ ಇಳಿಸುವ ರೂಢಿ ನಮ್ಮಲ್ಲಿದೆ. ಈ ಕಾವ್ಯದಲ್ಲಿ ಅದು ಕೇಳಬೇಕಾದ ದೊಡ್ಡ ಪ್ರಶ್ನೆ ನಿರೂಪಣೆಯದು. ಮಾರಿದತ್ತ ರಾಜನ ಮುಂದೆ ಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿಯೇ ಈ ಕಥೆಯನ್ನು ಹೇಳುವವನು. ಹಿಂದಿನ ಜನ್ಮದಲ್ಲಿ ಅವನೇ ಯಶೋಧರ. ಎಂದರೆ, ಅಮೃತಮತಿಯ ಬಗ್ಗೆ ನಾವು ಓದುವುದೆಲ್ಲ ಅವಳಿಂದ ಸತ್ತ ಗಂಡನ ಬಾಯಿಂದ ಬಂದದ್ದು. ದೂತಿಯೊಡನೆ ಅವಳು ಏಕಾಂತದಲ್ಲಿ ಆಡಿದ "ಒಲವಾದೊಡೆ ರೂಪಿನ ಕೋಟಲೆಯೇವುದೊ" (ಒಲವಾದ ಮೇಲೆ ರೂಪದ ಗೊಡವೆ ಏಕೆ) ಎಂಬ ಮಾತನ್ನೂ ಆಗ ಅಲ್ಲಿರದಿದ್ದ ಅವನೇ ವರದಿ ಮಾಡುತ್ತಾನೆ.

ಸ್ತ್ರೀವಾದಿ ಓದು ಇಲ್ಲಿಂದ ಹೊರಟರೆ ಮಾತ್ರ ಗಟ್ಟಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಮೃತಮತಿಯನ್ನು ಬಂಡಾಯಗಾರ್ತಿಯೆಂದು ನೇರವಾಗಿ ಕೊಂಡಾಡಿದರೆ, ಮಾವುತ ಅವಳನ್ನು ಹೊಡೆಯುವುದನ್ನೂ ಅವಳು ವಿಷವಿಕ್ಕುವುದನ್ನೂ ಬದಿಗೆ ಸರಿಸಬೇಕಾಗುತ್ತದೆ. ಅದರ ಬದಲು, ಅವಳನ್ನು ದೂಷಿಸಲೆಂದೇ ಕಟ್ಟಿದ ನಿರೂಪಣೆಯೊಳಗೂ ಅವಳ ಆ ಒಂದು ಮಾತು ಇಷ್ಟು ತೇಜಸ್ಸಿನಿಂದ ಉಳಿದದ್ದು ಹೇಗೆ ಎಂದು ಕೇಳಿದರೆ ಕವಿಯ ಸಹಾನುಭೂತಿ ಮತ್ತು ಕಾವ್ಯದ ಧರ್ಮ ಎಲ್ಲಿ ಬೇರೆಯಾಗುತ್ತವೆ ಎಂಬುದು ಕಾಣತೊಡಗುತ್ತದೆ.

ಚಾರಿತ್ರಿಕ ವಿಧಾನದಲ್ಲಿ ಎಚ್ಚರ ಬೇಕು. ಈ ಕಥೆ ಜನ್ನನ ಸ್ವಂತದ್ದಲ್ಲ. ಅವನು ವಾದಿರಾಜನ ಸಂಸ್ಕೃತ ಕಾವ್ಯವನ್ನು ಅನುಸರಿಸಿದ್ದಾನೆ. ಆದ್ದರಿಂದ ಇದನ್ನು ಹೊಯ್ಸಳ ಅಂತಃಪುರದ ದಾಖಲೆಯೆಂದು ಓದಲಾಗದು. ಹೊಯ್ಸಳೇಶ್ವರ ದೇವಾಲಯದಿಂದ ತುಸು ದೂರದಲ್ಲೇ ಬಸ್ತಿಹಳ್ಳಿಯ ಜೈನ ಬಸದಿಗಳಿವೆ. ಅಲ್ಲಿನ ಪಾರ್ಶ್ವನಾಥ ಬಸದಿ 1133ರದು. ಹಲವು ಮತಗಳು ಒಟ್ಟಿಗೆ ಬಾಳುತ್ತಿದ್ದ ಆ ಊರಿನಲ್ಲಿ, ಮಾರಿಗೆ ಕೊಡುವ ಬಲಿಯನ್ನು ಖಂಡಿಸುವ ಹಳೆಯ ಕಥೆಯನ್ನು ಕನ್ನಡದಲ್ಲಿ ಮತ್ತೆ ಹೇಳುವ ಅಗತ್ಯ ಏಕೆ ಬಂತು ಎಂಬುದೇ ಇಲ್ಲಿ ಸರಿಯಾದ ಚಾರಿತ್ರಿಕ ಪ್ರಶ್ನೆ.

ಜೈನ ದೃಷ್ಟಿಯ ಓದಿಗೆ ಕಾವ್ಯದ ಕೇಂದ್ರ ಸಂಕಲ್ಪಹಿಂಸೆ: ಕೋಳಿ ಹಿಟ್ಟಿನದಾದರೂ ಕೊಲ್ಲುವ ಮನಸ್ಸು ನಿಜವಾದದ್ದು, ಜನ್ಮಜನ್ಮದ ನೋವು ಅದರಿಂದಲೇ. ಮನೋವೈಜ್ಞಾನಿಕ ವಿಮರ್ಶೆ ಅದೇ ಹಿಟ್ಟಿನ ಕೋಳಿಯಲ್ಲಿ ರಾಣಿಯ ಮೇಲೆ ಇಳಿಯದೆ ಉಳಿದ ಕತ್ತಿಯನ್ನು ಕಾಣಬಹುದು. ಮೊದಲನೆಯದು ಪಾಪವೆನ್ನುವುದನ್ನು ಎರಡನೆಯದು ಅದುಮಿಟ್ಟ ಕೋಪವೆನ್ನುತ್ತದೆ. ಉತ್ತರ ಬರೆಯುವಾಗ ಇವೆರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸದೆ, ಯಾವ ಪದ್ಯ ಯಾವ ಓದಿಗೆ ಒತ್ತಾಸೆಯಾಗಿದೆ ಎಂಬುದನ್ನು ಬೇರೆ ಬೇರೆಯಾಗಿ ತೋರಿಸಬೇಕು.