ಕಷಾಯಕ್ಕೆ ಒಂದೇ ಗಿಡ ಯಾಕೆ ಸಾಲದು?

ದಕ್ಷಿಣ ಆಫ್ರಿಕಾದ ಈಶಾನ್ಯ ಮೂಲೆಯಲ್ಲಿ, ಮೊಜಾಂಬಿಕ್ ಗಡಿಗೆ ತಾಗಿಕೊಂಡು ಮಪುಟಾಲ್ಯಾಂಡ್ ಇದೆ. ಅಲ್ಲಿನ ಹಳ್ಳಿಗಳಲ್ಲಿ ಭೇದಿಗೆ ಯಾವ ಗಿಡ ಬಳಸುತ್ತಾರೆಂದು ಸಂಶೋಧಕರು ಜನರನ್ನೇ ಕೇಳಿ, 2010ರಲ್ಲಿ ಪಟ್ಟಿ ಪ್ರಕಟಿಸಿದರು. ನಮ್ಮಲ್ಲೂ ಹೊಟ್ಟೆ ಕೆಟ್ಟರೆ ಅಗಿಯುವ ಸೀಬೆ ಎಲೆ ಆ ಪಟ್ಟಿಯಲ್ಲಿತ್ತು. ಅಲ್ಲಿನವರು ಕೆಲವು ಗಿಡಗಳನ್ನು ಒಂಟಿಯಾಗಿ ಕುದಿಸುವುದಿಲ್ಲ, ಇನ್ನೊಂದರ ಜೊತೆ ಬೆರೆಸುತ್ತಾರೆ. ಅಲ್ಲಿನ ಜುಲು ಜನರ ನಾಟಿ ವೈದ್ಯರಾದ ಇನ್ಯಾಂಗಾಗಳು ಕೊಡುವ 'ಇಂಬಿಜಾ' ಕಷಾಯದಲ್ಲಂತೂ ಹತ್ತಕ್ಕಿಂತ ಹೆಚ್ಚು ಬೇರು, ತೊಗಟೆ ಇರುವುದುಂಟು.

ಸುಮ್ನೆ ಬೆರೆಸುತ್ತಾರಾ? ಹಾಗೆ ಅನ್ನಿಸುವುದಿಲ್ಲ. ಹೊಟ್ಟೆ ಕೆಟ್ಟಾಗ ಕರುಳು ಹಿಂಡುತ್ತದೆ, ನೀರು ಸೋರುತ್ತದೆ, ಒಳಗೆ ರೋಗಾಣು ಬೇರೆ. ಸೀಬೆ ಎಲೆಯ ಕ್ವೆರ್ಸೆಟಿನ್ ಎಂಬ ರಾಸಾಯನಿಕ ಕರುಳಿನ ಸೆಳೆತ ತಗ್ಗಿಸುತ್ತದೆ. ಮರುಲಾ ಮರದ ತೊಗಟೆಯಲ್ಲಿ ಚೊಗರಿನ ಟ್ಯಾನಿನ್ ಜಾಸ್ತಿ. ಅದು ಕರುಳಿನ ಒಳಪದರದ ಪ್ರೋಟೀನಿಗೆ ಅಂಟಿಕೊಂಡು ಸೋರಿಕೆಗೆ ಅಡ್ಡ ನಿಲ್ಲುತ್ತದೆ.

ಇನ್ನು ವಾರ್‌ಬರ್ಜಿಯಾ ಮರ. ತೊಗಟೆ ಮೆಣಸಿನಷ್ಟೇ ಖಾರ, ಆಫ್ರಿಕಾದಲ್ಲಿ ಹೊಟ್ಟೆನೋವಿಗೂ ಕೆಮ್ಮಿಗೂ ಅದೇ ಮದ್ದು. ಖಾರಕ್ಕೆ ಒಂದು ಕಾರಣ ಪಾಲಿಗೋಡಿಯಾಲ್ ಎಂಬ ರಾಸಾಯನಿಕ. ಇದು ಸೂಕ್ಷ್ಮಜೀವಿಯ ಹೊರಪೊರೆಯನ್ನು ಸಡಿಲ ಮಾಡುತ್ತದೆ. ಪೊರೆ ಸಡಿಲವಾದರೆ ಬೇರೆ ಔಷಧ ಒಳಗೆ ನುಗ್ಗುವುದು ಸುಲಭ, ಅಲ್ವಾ? ವಿಜ್ಞಾನಿ ಇಸಾವೊ ಕುಬೊ ಪಾಲಿಗೋಡಿಯಾಲ್‌ಗೆ ಸೋಂಪಿನ ಅನೆಥೋಲ್ ಎಂಬ ರಾಸಾಯನಿಕ ಬೆರೆಸಿ ನೋಡಿದಾಗ ಶಿಲೀಂಧ್ರ ಕೊಲ್ಲುವ ಶಕ್ತಿ ಹಲವು ಪಟ್ಟು ಏರಿತು. ಈ ಜೋಡಿ ಪ್ರಯೋಗಾಲಯದ್ದು, ನಾಟಿ ವೈದ್ಯರದ್ದಲ್ಲ.

ಜೋಡಿ ಫಲಿಸಿತೇ ಎಂದು ಅಳೆಯುವ ಲೆಕ್ಕ ಸರಳ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹಾಕಿ, ಗಿಡದ ರಸವನ್ನು ಗುಳಿಯಿಂದ ಗುಳಿಗೆ ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗುತ್ತಾರೆ. ಕೊನೆಗೆ ಬಣ್ಣ ತೋರಿಸುವ ಒಂದು ವಸ್ತು ಹಾಕುತ್ತಾರೆ. ಜೀವ ಇರುವ ಗುಳಿ ಕೆಂಪಾಗುತ್ತದೆ, ಸತ್ತದ್ದು ಹಾಗೇ ಇರುತ್ತದೆ. ಬ್ಯಾಕ್ಟೀರಿಯಾ ತಡೆಯಲು ಒಂದೊಂದು ಗಿಡದ ರಸವೂ ಒಂಟಿಯಾಗಿ 8 ಮಿಲಿಗ್ರಾಂ ಬೇಕಿತ್ತು, ಬೆರೆಸಿದಾಗ ತಲಾ 2 ಸಾಕಾಯಿತು ಅಂದುಕೊಳ್ಳಿ. 8ರಲ್ಲಿ 2 ಅಂದರೆ ಕಾಲು. ಕಾಲು ಮತ್ತು ಕಾಲು ಸೇರಿ 0.5. ಮೊತ್ತ ಅಷ್ಟೇ ಅಥವಾ ಕಡಿಮೆಯಾದರೆ ಒಂದಕ್ಕೊಂದು ಬಲ ಕೊಟ್ಟಿವೆ ಎಂದರ್ಥ. 4 ದಾಟಿದರೆ ಜಗಳ. ಕ್ರೋಟನ್ ಗ್ರಾಟಿಸಿಮಸ್ ಎಂಬ ಒಂದೇ ಮರದ ಎಲೆ, ಬೇರು, ತೊಗಟೆ ಬೆರೆಸಿದಾಗಲೂ ಕೆಲವು ರೋಗಾಣುಗಳ ಮೇಲೆ ಇಂಥ ಬಲ ಕಂಡಿದ್ದು 2008ರಲ್ಲಿ ಪ್ರಕಟವಾಯಿತು.

ಆದರೆ ತಟ್ಟೆಯನ್ನೇ ಹೊಟ್ಟೆ ಅಂದುಕೊಳ್ಳಬಾರದು. ಮಕ್ಕಳ ಭೇದಿಗೆ ಎಷ್ಟೋ ಸಲ ರೋಟಾವೈರಸ್ ಕಾರಣ, ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಅದರ ಸುದ್ದಿಯೇ ಇಲ್ಲ. ಪ್ರಯೋಗಾಲಯದಲ್ಲಿ ರಸ ತೆಗೆಯಲು ಮೆಥನಾಲ್‌ನಂಥ ದ್ರಾವಕ ಬಳಸುವುದುಂಟು. ಮನೆಯಲ್ಲಿ ಕುದಿಸುವುದು ನೀರಲ್ಲಿ. ಎರಡರಲ್ಲೂ ಇಳಿಯುವ ಸತ್ವ ಒಂದೇ ಅಲ್ಲ.

ವಿಷವೂ ಬೆರೆಯುತ್ತದೆ. ಜುಲು ಜನ ಹೊಟ್ಟೆಯ ತೊಂದರೆಗೂ ಲಾಡಿಹುಳುವಿಗೂ ಬಳಸುತ್ತಿದ್ದ 'ಇಂಪಿಲಾ' ಗಿಡದ ಗೆಡ್ಡೆಯಲ್ಲಿ ಅಟ್ರಾಕ್ಟಿಲೊಸೈಡ್ ಇದೆ. ಇದು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಶಕ್ತಿಯ ಸಾಗಾಟವನ್ನೇ ನಿಲ್ಲಿಸುತ್ತದೆ. ಯಕೃತ್ತು, ಮೂತ್ರಪಿಂಡ ಕೈಕೊಟ್ಟು ಮಕ್ಕಳೂ ಸತ್ತದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಹತ್ತು ಬೇರಿನ ಪುಡಿಯಲ್ಲಿ ಇದೊಂದು ಸೇರಿದ್ದರೆ, ಕೆಡುಕು ಯಾವುದರಿಂದ ಎಂದು ಪತ್ತೆ ಹಚ್ಚುವುದೇ ಕಷ್ಟ. ಪತ್ತೆಯಾದರೂ ಈ ವಿಷಕ್ಕೆ ಪ್ರತಿಮದ್ದಿಲ್ಲ.